ನೇರಳೆ ಶಾಯಿಯ ದೂಮಣ್ಣ

ವಾರಿಜಾ ಗಂಡನ ತಲೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯಲ್ಲಿ ಪುಸ್ತಕಗಳ ಕಟ್ಟನ್ನು ಕತ್ತಿನ ಕೆಳಗೆ ತುರುಕುತ್ತಿದ್ದಳು. ಕಟ್ಟು ದಪ್ಪವಾಗಿತ್ತು, ಸುಲಭಕ್ಕೆ ಒಳಗೆ ಹೋಗಲೊಲ್ಲದು. ತಲೆದಿಂಬು ಒಂದಿಷ್ಟು ಎತ್ತರವಾದರೂ ಗೊಣಗುತ್ತಿದ್ದ ಮನುಷ್ಯ ಈಗ ಏನೂ ಅನ್ನಲಿಲ್ಲ. ಗಂಡಸರೆಲ್ಲ ಕೆಳಗೆ ಚಾಳಿನ ಅಂಗಳದಲ್ಲಿ ಬಿದಿರು ಕಟ್ಟುತ್ತಿದ್ದರು. ಖೋಲಿಯಲ್ಲಿ ಅವಳ ಜೊತೆ ಪಕ್ಕದ ಖೋಲಿಯ ರಾಚವ್ವ ಒಬ್ಬಳೇ ಇದ್ದಳು. ಮೂಲೆಯಲ್ಲಿ ಮಗಳು ವಿನೋದಿನಿ, ಇನ್ನೂ ಮೂರು ತುಂಬದ್ದು, ಬಾಯಿ ತೆರೆದುಕೊಂಡು ನಿದ್ದೆ ಹೋಗಿತ್ತು.

"ಅದೇನ ತುರುಕಾಕತ್ತೀಯವ್ವಾ?" ರಾಚವ್ವ ಕೇಳಿದಳು.

"ಅವರ ದೂಮಣ್ಣ."

"ಎಲ್ಲಾನೂ? ಕೂಸಿಗೆ ಒಂದರ ಇಟ್ಟುಕೋ ನನ್ನವ್ವ. ನಾಳೆ ದೊಡ್ಡಾಕ್ಯಾಗಿ ನಮ್ಮಪ್ಪ ಹ್ಯಾಂಗಿದ್ದ ಅಂತ ಕೇಳಿದ್ರ ಏನ ತೋರಸ್ತಿ? ಒಂದು ಫೋಟೋನೂ ಇಲ್ಲ."

"ಊರಿಗೆಲ್ಲ ಹಂಚಿದ್ದಾರಲ್ಲ ಅಕ್ಕ. ನಿಮ್ಮ ಯಜಮಾನರ ಹತ್ರ ಉಂಟು, ದೂಜನ ಹತ್ರ ಉಂಟು, ಪಾರ್ಲೆಯಲ್ಲಿ ಒಂದು ಕಪಾಟು ತುಂಬ ಉಂಟಂತೆ. ಮಗುವಿಗೆ ಅಂತ ಕೇಳಿದರೆ ಯಾರಾದರೂ ಇಲ್ಲ ಅಂತಾರಾ? ಇವರ ಕೈಯಲ್ಲಿ ಮಾತ್ರ ಏನೂ ಇಲ್ಲ ನೋಡಿ."

ಈಗಲೇ ಕೆಳಗಿಳಿದು ಕೇಳಿಬಿಡಬಹುದಿತ್ತು. ಆದರೆ ಹೆಣಕ್ಕೆ ಹೆಗಲು ಕೊಡಲು ನಿಂತವರ ಹತ್ತಿರ ಏನನ್ನಾದರೂ ಬೇಡುವುದು ಸರಿಯಲ್ಲ ಎಂದು ಅವಳಿಗೆ ತೋರಿತು. ಕೆಲಸ ಮುಗಿಸಿ ಬರಲಿ, ಚಹಾ ಕುಡಿಯಲಿ, ಆಮೇಲೆ ಕೇಳಿದರಾಯಿತು. ಅವಳು ಬಿಳಿ ಬಟ್ಟೆಯ ಅಂಚನ್ನು ಕಟ್ಟಿನ ಮೇಲೆ ಎಳೆದು ಮುಚ್ಚಿದಳು. ಹೊರಗಿನಿಂದ ನೋಡಿದವರಿಗೆ ಸತ್ತವನು ದಿಂಬಿಗೆ ಒರಗಿ ಮಲಗಿದ್ದಾನೆ ಅನ್ನಿಸುವಂತಿತ್ತು.

ಕಾಲಿನ ಸದ್ದಾಯಿತು. ಮೊದಲು ಬಂದವನು ರಾಚವ್ವನ ಗಂಡ ಮುರಿಗೆಪ್ಪ, ಬಟ್ಟೆ ಗಿರಣಿಯ ಆಫೀಸಿನ ಕಾರಕೂನ, ಬಗಲಲ್ಲಿ ದಿನಾ ಆಫೀಸಿಗೆ ಒಯ್ಯುವ ಅದೇ ಚೀಲ. ಅವನ ಹಿಂದೆ ದೂಜ, ಅವಳ ಗಂಡ ಚೆನ್ನಯ ಕೆಲಸಕ್ಕಿದ್ದ ಹೋಟೆಲಿನ ಸಪ್ಲಾಯರ್, ಅತ್ತು ಕಣ್ಣು ಕೆಂಡವಾಗಿತ್ತು. ಕೊನೆಗೆ ಏದುಸಿರು ಬಿಡುತ್ತ ಕೊರಗಪ್ಪ, ವರಸೆಯಲ್ಲಿ ಚೆನ್ನಯನ ಮಾವ, ವಿಲೆ ಪಾರ್ಲೆಯ ಹೋಟೆಲಿನಲ್ಲಿ ಹಿಟ್ಟು ರುಬ್ಬುವವನು. ಗಂಡು ಮಕ್ಕಳಿಲ್ಲದ ಚೆನ್ನಯನಿಗೆ ಬೆಂಕಿ ಇಡಬೇಕಾದವನು ಅವನೇ. ಅವನ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ ಗಂಟೊಂದಿತ್ತು. ಮಾವ ಕರ್ಪೂರ ತಂದಿದ್ದಾನೆ ಎಂದು ವಾರಿಜಾ ತಿಳಿದಳು.

"ಇನ್ನು ಹೊತ್ತು ಮಾಡುವುದು ಬೇಡ ಮಗಳೇ," ಎಂದ ಕೊರಗಪ್ಪ. "ಆಕಾಶ ನೋಡು, ಮಳೆ ಬರುವ ಹಾಗುಂಟು."

ಅವರು ಎತ್ತಿದರು. ಚಾಳಿನ ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಚಟ್ಟವನ್ನು ನಿಲ್ಲಿಸಿಯೇ ಇಳಿಸಬೇಕು. ಅಲ್ಲಿ ಕಟ್ಟು ಜಾರಿ ಬಿದ್ದರೆ ಏನು ಗತಿ ಎಂದು ವಾರಿಜಾ ಮಹಡಿಯ ಅಂಚಿನ ಕಠಡಾ ಹಿಡಿದು ನಿಂತಳು. ಬೀಳಲಿಲ್ಲ. ಗಂಡಸರು ಗಲ್ಲಿಯ ತುದಿಗೆ ಹೋಗಿ ನಾಕಾದಲ್ಲಿ ತಿರುಗಿದರು. ಹೆಂಗಸರು ಸ್ಮಶಾನಕ್ಕೆ ಹೋಗುವ ಪದ್ಧತಿ ಇಲ್ಲ. ಅವಳ ಪಾಲಿಗೆ ಅವನು ಆ ತಿರುವಿನಲ್ಲೇ ಮುಗಿದುಹೋದ.

*

ಚೆನ್ನಯ ಗಿರಣಿಯ ಗೇಟಿನ ಎದುರಿನ ಹೋಟೆಲಿನಲ್ಲಿ ಚಹಾದ ಒಲೆಯ ಮುಂದೆ ನಿಲ್ಲುವವನು. ಹಗಲೆಲ್ಲ ಚಹಾ, ಸಂಜೆ ಕನ್ನಡ ರಾತ್ರಿಶಾಲೆ. ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯಲು ಅಲ್ಲಿನ ಮಾಸ್ತರರು ಒಂದು ತಗಡಿನ ತಟ್ಟೆ ಇಟ್ಟಿದ್ದರು. ತಟ್ಟೆಯ ತುಂಬ ಸರೇಸಿನ ಅಂಟು, ಗ್ಲಿಸರಿನ್ ಸೇರಿಸಿ ಕಾಯಿಸಿ ಹೆಪ್ಪುಗಟ್ಟಿಸಿದ ಜೆಲ್ಲಿ. ನೇರಳೆ ಶಾಯಿಯಲ್ಲಿ ಬರೆದ ಹಾಳೆಯನ್ನು ಅದರ ಮೇಲೆ ಒತ್ತಿದರೆ ಜೆಲ್ಲಿ ಶಾಯಿಯನ್ನು ಕುಡಿಯುತ್ತದೆ. ಆಮೇಲೆ ಖಾಲಿ ಹಾಳೆಗಳನ್ನು ಒಂದೊಂದಾಗಿ ಒತ್ತಿ ತೆಗೆದರೆ ಅದೇ ಬರಹ ಮೂಡಿ ಬರುತ್ತದೆ. ಮೊದಲಿನವು ಕಡು ನೇರಳೆ, ಬರಬರುತ್ತ ತೆಳ್ಳಗೆ, ಕಡೆಗೆ ಏನೂ ಇಲ್ಲ. ಉಳಿದ ಹುಡುಗರು ಪ್ರಶ್ನೆಪತ್ರಿಕೆ ಕದಿಯುವ ದಾರಿ ಹುಡುಕುತ್ತಿದ್ದರೆ ಚೆನ್ನಯ ತಟ್ಟೆಯನ್ನೇ ನೋಡುತ್ತ ಕೂತಿದ್ದ. ಅಲ್ಲಿಗೆ ಅವನ ಶಾಲೆ ಮುಗಿಯಿತು, ಅವನ ಚಿತ್ರಪುಸ್ತಕಗಳ ನಾಯಕ ದೂಮಣ್ಣ ಹುಟ್ಟಿದ.

ದೂಮಣ್ಣನೂ ಹೋಟೆಲಿನವನೇ, ಎಲ್ಲರ ಹಾಗೆ ನಿದ್ದೆಗೆಟ್ಟವನು. ಕೆಲಸ ಮುಗಿಸಿ ಲೋಕಲ್ ಹತ್ತಿ ಕೂತರೆ ತೂಕಡಿಕೆ. ಎಚ್ಚರಾಗುವ ಹೊತ್ತಿಗೆ ಯಾವ ಬೋರ್ಡಿನಲ್ಲೂ ಇಲ್ಲದ ಸ್ಟೇಷನ್ ಬಂದಿರುತ್ತದೆ. ಒಂದು ಸ್ಟೇಷನ್ನಿನಲ್ಲಿ ಧಣಿಗಳು ಎಂಜಲು ಲೋಟ ತೊಳೆಯುತ್ತಾರೆ, ಸಪ್ಲಾಯರುಗಳು ದುಡ್ಡಿನ ಗಲ್ಲೆಯ ಮೇಲೆ ಕಾಲು ಚಾಚಿ ಕೂತು ಬೈಯುತ್ತಾರೆ. ಇನ್ನೊಂದರಲ್ಲಿ ಸಮುದ್ರ ತಾನಾಗಿ ಹಿಂದೆ ಸರಿದು, ಬಡವರೇ ಬನ್ನಿ, ಖೋಲಿ ಕಟ್ಟಿಕೊಳ್ಳಿ ಎಂದು ಜಾಗ ಬಿಡುತ್ತದೆ. ದೂಮಣ್ಣನಿಗೆ ಮಾತ್ರ ಇವೆಲ್ಲ ಬೇಡ. ಅವನಿಗೆ ಊರಿಗೆ ಹೋಗಿ ತಾಯಿಯ ಕೈಯ ಗಂಜಿ ಉಣ್ಣಬೇಕು. ಪ್ರತಿ ಪುಸ್ತಕದ ಕೊನೆಗೂ ಅವನು ಮತ್ತೆ ಪರೇಲಿನ ಪ್ಲಾಟ್‌ಫಾರ್ಮಿನಲ್ಲೇ ಇಳಿಯುತ್ತಿದ್ದ.

ಚಿತ್ರ ಚೆನ್ನಯನದು, ಮಾತು ಮುರಿಗೆಪ್ಪನದು. ಚೆನ್ನಯನ ಕನ್ನಡದಲ್ಲಿ ಒತ್ತಕ್ಷರಗಳು ಕಂಡಕಂಡ ಕಡೆ ಓಡಿಹೋಗುತ್ತಿದ್ದವು, ಅವುಗಳ ಕಿವಿ ಹಿಡಿದು ತಂದು ಕೂರಿಸುವುದು ಮುರಿಗೆಪ್ಪನ ಕೆಲಸವಾಗಿತ್ತು. ಹಾಳೆಗಳನ್ನು ಮಡಚಿ, ಸೂಜಿ ದಾರದಲ್ಲಿ ಹೊಲಿದರೆ ಪುಸ್ತಕ. ಅದಕ್ಕೆ ಬೆಲೆ ಇಲ್ಲ, ಓದಿ ಮುಂದೆ ದಾಟಿಸಬೇಕು, ಅದೊಂದೇ ನಿಯಮ. ಕಡು ನೇರಳೆಯವು ಪರೇಲಿನಲ್ಲಿ ಓಡಾಡುತ್ತಿದ್ದವು, ನಡುವಿನವು ವಿಲೆ ಪಾರ್ಲೆಗೆ, ಕಣ್ಣಿಗೆ ಒತ್ತಿ ನೋಡಬೇಕಾದಷ್ಟು ತೆಳುವಾದವು ದಹಿಸರಿಗೆ. ರಜೆಯ ದಿನ ನೆಂಟರ ಮನೆಗೆ ಹೋಗುವ ಹೋಟೆಲ್ ಕೆಲಸಗಾರರೇ ಟಪಾಲಿನವರು. ಎಷ್ಟೋ ಪ್ರತಿಗಳು ಎಣ್ಣೆ, ಸಾಂಬಾರು, ಚಹಾ ಕುಡಿದು ಅಲ್ಲಲ್ಲೇ ತೀರಿಹೋದವು. ಆದರೂ ಓದಿದವರು ದೂಮಣ್ಣನಿಗೆ ತಾವೇ ಒಂದು ಸ್ಟೇಷನ್ ಕಟ್ಟಿ, ಸೊಟ್ಟ ಗೆರೆಯಲ್ಲಿ ಬರೆದು ಕಳಿಸುತ್ತಿದ್ದರು. ಚೆನ್ನಯ ಆ ಸೊಟ್ಟು ತಪ್ಪದ ಹಾಗೆ ಅವನ್ನು ಕೊನೆಯ ಪುಟದಲ್ಲಿ ತೆಗೆಯುತ್ತಿದ್ದ.

ವಾರಿಜಾ ಮದುವೆಯಾಗಿ ಬಂದ ಹೊಸತರಲ್ಲಿ ಖೋಲಿಯಲ್ಲಿದ್ದ ಅಂಥದೇ ತಟ್ಟೆಯನ್ನು ಕಂಡು ಗಂಡ ಹಲ್ವ ಮಾಡಿಟ್ಟಿದ್ದಾನೆ ಎಂದುಕೊಂಡಳು. ಒಂದು ಬೆರಳು ತೆಗೆದು ಬಾಯಿಗೂ ಇಟ್ಟಳು. ನಾಲಗೆ ನೇರಳೆಯಾಗಿ, ನೀರಿನ ನಲ್ಲಿಯ ಹತ್ತಿರ ಮರಾಠಿ ಹೆಂಗಸರೆದುರು ಬಾಯಿ ತೆರೆಯಲಾರದೆ ಒದ್ದಾಡಿದಳು. ಮುಂದಿನ ಪುಸ್ತಕದಲ್ಲಿ ದೂಮಣ್ಣ ಇಳಿದ ಸ್ಟೇಷನ್ನಿನಲ್ಲಿ ಎಲ್ಲ ಹೆಂಗಸರದೂ ನೇರಳೆ ನಾಲಗೆ. ಅವಳು ಸಿಟ್ಟಿನಿಂದ ಒಂದು ದಿನ ಮಾತು ಬಿಟ್ಟಳು. ಆಮೇಲೆ ಸರೇಸು ಕಾಯಿಸುವುದನ್ನು ಅವಳೇ ವಹಿಸಿಕೊಂಡಳು, ಅವನು ಕಾಯಿಸಿದರೆ ತಳ ಹಿಡಿಯುತ್ತಿತ್ತು.

*

ಗಂಡಸರು ಹೋದ ಮೇಲೆ ನೆಲ ತೊಳೆಯಬೇಕು. ರಾಚವ್ವ ನೀರು ಹಾಕಿದಳು, ವಾರಿಜಾ ಗುಡಿಸಿದಳು. ಅಳು ಬರುತ್ತಿರಲಿಲ್ಲ. ಬೆಳಗಿನ ಜಾವದವರೆಗೆ ಅತ್ತು ಅತ್ತು ಒಳಗೆಲ್ಲ ಬತ್ತಿಹೋಗಿತ್ತು. ತಟ್ಟೆ ಇಡುತ್ತಿದ್ದ ಮೂಲೆಗೆ ಬಂದಾಗ ಪೊರಕೆ ತಾನಾಗಿ ನಿಂತಿತು.

ಕಳೆದ ಬೇಸಿಗೆಯಲ್ಲಿ ಡಾಕ್ಟರು ಎದೆಯ ರೋಗ ಎಂದಿದ್ದರು. ಮಲಗಿರಬೇಕು, ಹಾಲು ಕುಡಿಯಬೇಕು, ಮೊಟ್ಟೆ ತಿನ್ನಬೇಕು. ಹೇಳುವುದಕ್ಕೇನು. ಚೆನ್ನಯ ಮಲಗಲಿಲ್ಲ. ಒಂದು ಕೈಯಲ್ಲಿ ಬಾಯಿಗೆ ಬಟ್ಟೆ ಹಿಡಿದು, ಇನ್ನೊಂದು ಕೈಯಲ್ಲಿ ದೂಮಣ್ಣನನ್ನು ಬರೆಯುತ್ತ ಕೂರುತ್ತಿದ್ದ. "ಈ ಸಲ ಅವನನ್ನು ಊರು ಮುಟ್ಟಿಸುತ್ತೇನೆ ಕಣೇ, ಎಲ್ಲರೂ ಕೇಳ್ತಾರೆ," ಎನ್ನುತ್ತಿದ್ದ. ಹೇಗೆ ಮುಟ್ಟಿಸುತ್ತೀರಿ ಎಂದರೆ ಅದು ತನಗೂ ಗೊತ್ತಿಲ್ಲ, ಬರೆಯುತ್ತ ಹೋದರೆ ಗೊತ್ತಾಗುತ್ತದೆ ಎಂದು ನಗುತ್ತಿದ್ದ. ಸ್ಟುಡಿಯೋಗೆ ಹೋಗಿ ಮೂವರೂ ಒಂದು ಫೋಟೊ ತೆಗೆಸಿಕೊಳ್ಳೋಣ ಎಂದು ಅವಳು ಕೇಳಿದ್ದಳು. "ಅವರು ಎಂತ ತೆಗೆಯುತ್ತಾರೆ! ನನ್ನ ಮೋರೆ ನಾನೇ ಬರೆದು ಕೊಡ್ತೇನೆ," ಎಂದಿದ್ದ. ಬರೆಯಲಿಲ್ಲ.

ಒಂದು ಮಧ್ಯಾಹ್ನ ಅವನು ಕೆಮ್ಮಿದ ರಭಸಕ್ಕೆ ಹಾಳೆಯ ಮೇಲೆ ರಕ್ತದ ಹನಿ ಬಿತ್ತು. ಅವನು ಆ ಹಾಳೆಯನ್ನು ಪಕ್ಕಕ್ಕಿಟ್ಟು ಹೊಸ ಹಾಳೆ ತೆಗೆದುಕೊಂಡ. ವಾರಿಜಾಳಿಗೆ ಎಲ್ಲಿಲ್ಲದ ಕೋಪ ಬಂತು. ತಟ್ಟೆಯನ್ನು ಎತ್ತಿಕೊಂಡು ಹೋಗಿ ಕಠಡಾದ ಪಕ್ಕ ಬಿಸಿಲಿಗಿಟ್ಟಳು. ಜೆಲ್ಲಿ ಕರಗಿ, ನೇರಳೆ ನೀರಾಗಿ, ಕೆಳಗಿನ ಗಟಾರಕ್ಕೆ ಹರಿಯಿತು. ಅವನು ಬೈದಿದ್ದರೆ ಅವಳೂ ಬೈಯುತ್ತಿದ್ದಳು, ಅಲ್ಲಿಗೆ ಮುಗಿಯುತ್ತಿತ್ತು. ಅವನು ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಮಾರನೆಯ ದಿನವೇ ಹೊಸ ಸರೇಸು ತಂದು ಕಾಯಿಸಿಕೊಟ್ಟಳು. ಅಷ್ಟರಲ್ಲಿ ಅವನ ಕೈ ನಡುಗಲು ಶುರುವಾಗಿತ್ತು, ಗೆರೆ ನಿಲ್ಲಲಿಲ್ಲ. ದೂಮಣ್ಣ ಲೋಕಲಿನಲ್ಲಿ ಕೂತವನು ಕೂತೇ ಉಳಿದ.

ಅದಕ್ಕೇ ಇವತ್ತು ಮನೆಯಲ್ಲಿದ್ದ ಪುಸ್ತಕಗಳನ್ನೆಲ್ಲ, ಅರ್ಧ ಬರೆದ ಹಾಳೆಗಳ ಸಮೇತ, ಒಂದನ್ನೂ ಬಿಡದೆ, ಅವನ ಜೊತೆ ಕಳಿಸಿದ್ದು. ಅವನ ವಸ್ತುವಿಗೆ ತಾನು ಮತ್ತೆ ಅಡ್ಡ ಬಂದೆ ಅನ್ನಿಸಿಕೊಳ್ಳುವ ಧೈರ್ಯ ಅವಳಿಗಿರಲಿಲ್ಲ.

*

ಗಂಡಸರು ಮರಳುವಾಗ ಹೊತ್ತು ಇಳಿದಿತ್ತು. ಕೆಳಗಿನ ಮನೆಯ ಮರಾಠಿ ಮುದುಕಿ ಬಾಗಿಲಲ್ಲಿ ಬೇವಿನ ಎಲೆ ಹಿಡಿದು ನಿಂತಿದ್ದಳು. ಎಲ್ಲರೂ ಒಂದೊಂದು ಎಲೆ ಕಚ್ಚಿ ಉಗುಳಿ, ಕಾಲು ತೊಳೆದು ಮೇಲೆ ಬಂದರು. ಹೆಣ ಎತ್ತಿದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ದೂಜ ಹೋಟೆಲಿನಿಂದ ಕಿಟ್ಲಿಯಲ್ಲಿ ಚಹಾ ತಂದಿದ್ದ. ಮೂವರೂ ಖೋಲಿಯ ಮುಂದಿನ ಮಹಡಿಯ ಓಣಿಯಲ್ಲಿ ಗೋಡೆಗೆ ಒರಗಿ ಕೂತರು.

"ಚೆಂದ ಉರಿಯಿತು," ಎಂದ ಕೊರಗಪ್ಪ, ವಾರಿಜಾಳಿಗೆ ಸಮಾಧಾನವಾಗಲೆಂದು. "ಕಟ್ಟಿಗೆ ಹಸಿ ಇತ್ತು, ನನಗೆ ಹೆದರಿಕೆಯೇ ಆಗಿತ್ತು. ಆದರೆ ಒಂದೇ ಸಲಕ್ಕೆ ಹಿಡಿಯಿತು ನೋಡು. ಪುಣ್ಯವಂತ."

ವಾರಿಜಾ ಬಾಗಿಲಿನ ಒಳಗೆ ಹೊಸ್ತಿಲ ಪಕ್ಕ ಕೂತಿದ್ದಳು. ಅವರು ಒಂದು ಗುಟುಕು ಕುಡಿಯುವವರೆಗೆ ಕಾದಳು.

"ಮುರಿಗೆಪ್ಪಣ್ಣ, ಒಂದು ಮಾತು ಕೇಳಲಿಕ್ಕುಂಟು."

"ಕೇಳು ತಂಗಿ."

"ನಿಮ್ಮ ಹತ್ರ ಇರುವ ದೂಮಣ್ಣನಲ್ಲಿ ಒಂದು ಕೊಡಿ. ಹರಿದದ್ದಾದರೂ ಅಡ್ಡಿಲ್ಲ. ಮಗುವಿಗೆ ಅಪ್ಪನ ಕೈಯದ್ದು ಅಂತ ಒಂದು ಬೇಕು."

ಮುರಿಗೆಪ್ಪ ಲೋಟ ಕೆಳಗಿಟ್ಟ. ಹೆಂಡತಿಯ ಮುಖ ನೋಡಿದ, ತನ್ನ ಖಾಲಿ ಚೀಲ ನೋಡಿದ.

"ನನ್ನ ಕಡೆ ಇಲ್ಲ ತಂಗಿ," ಎಂದ. "ಮುಂಜಾನೆ ಚೀಲದಾಗ ಹಾಕ್ಕೊಂಡ ಒಯ್ದೆ. ಕಟ್ಟಿಗಿ ಒಟ್ಟೂ ಮುಂದ ಅವನ ಎದಿ ಮ್ಯಾಲೆ, ಬಟ್ಟಿ ಒಳಗ ಇಟ್ಟುಬಿಟ್ಟೆ. ಅವನ ಗೆರಿ, ನನ್ನ ಮಾತು, ಕೂಡೇ ಹೋಗಲಿ ಅಂತ. ಯಾರಿಗೂ ತೋರಸಲಿಲ್ಲ. ಮಂದಿ ಗಂಧದ ಚಕ್ಕಿ ಇಡಾಕತ್ತಿದ್ರು, ನಾ ಕಾಗದ ಇಡಾಕ ನಾಚಿಕಿ ಬಂತು. ಅಸಲ ಪುಸ್ತಕ ಮನ್ಯಾಗ ಅದಾವಲ್ಲ ಅಂತ ತಿಳದಿದ್ದೆ."

"ಅದು ಅವರ ತಲೆಯ ಅಡಿಯಲ್ಲಿತ್ತು," ಎಂದಳು ವಾರಿಜಾ.

ಮುರಿಗೆಪ್ಪ ಹಣೆ ಹಣೆ ಬಡಿದುಕೊಂಡ. "ಇರಲಿ, ಇರಲಿ," ಎಂದ ಆಮೇಲೆ, ತನಗೆ ತಾನೇ ಹೇಳಿಕೊಂಡಂತೆ. "ದೂಜನ ಕಡೆ ಅದಾವ. ಇಂವಾ ಟ್ರಂಕಿನ್ಯಾಗ ಬೀಗಾ ಹಾಕಿ ಇಟ್ಟಾನ."

ದೂಜ ಅವರ ಕಡೆ ನೋಡಲಿಲ್ಲ. ಕಿಟ್ಲಿಯ ಹಿಡಿಯನ್ನು ತಿರುವುತ್ತ, "ನಾನೂ ಇಟ್ಟೆ," ಎಂದ. "ಕಾಲಿನ ಹತ್ರ, ಕಟ್ಟಿಗೆಯ ಸಂದಿಯಲ್ಲಿ. ಮುರಿಗೆಪ್ಪಣ್ಣ ಬರೆಯುವವರು, ಅವರ ಹತ್ರ ಇದ್ದೇ ಇರ್ತದೆ ಅಂತ. ನನಗೆ ಬೇರೆ ಎಂತ ಇತ್ತು ಅಕ್ಕ ಕೊಡಲಿಕ್ಕೆ? ಒಂದು ಗಂಧದ ಚೂರು ತರಲಿಕ್ಕೂ ಆಗಲಿಲ್ಲ ನನ್ನಿಂದ."

ಈಗ ಎಲ್ಲರೂ ಕೊರಗಪ್ಪನ ಕಡೆ ತಿರುಗಿದರು. ಮುದುಕನ ಕೈ ತನ್ನ ಖಾಲಿ ಕಂಕುಳಿಗೆ ಹೋಯಿತು. ಕಂಕುಳಲ್ಲಿದ್ದ ಆ ಪೇಪರಿನ ಗಂಟು ಕರ್ಪೂರವಲ್ಲ ಎಂದು ವಾರಿಜಾಳಿಗೆ ಅವನು ಹೇಳುವ ಮೊದಲೇ ತಿಳಿದುಹೋಯಿತು.

"ನಿನ್ನೆ ಫೋನು ಬಂದ ಕೂಡಲೇ ನಮ್ಮ ಹುಡುಗರು ಕಪಾಟು ಖಾಲಿ ಮಾಡಿ ಕೊಟ್ಟರು ಮಗಳೇ," ಎಂದ ಅವನು. "ದಹಿಸರಿನವರದ್ದು ಬೆಳಿಗ್ಗೆ ಮೊದಲ ಲೋಕಲಿಗೆ ಬಂತು. ಅವರಿಗೆ ರಜೆ ಸಿಗಲಿಲ್ಲ. ನಾವು ಬರಲಿಕ್ಕಾಗುವುದಿಲ್ಲ, ನಮ್ಮ ಲೆಕ್ಕದಲ್ಲಿ ಇದನ್ನಾದರೂ ಅವನ ಚಿತೆಗೆ ಹಾಕಿ ಅಂತ ಹೇಳಿ ಕಳಿಸಿದ್ದರು. ಪರೇಲಿನಲ್ಲಿ ರಾಶಿ ಉಂಟಲ್ಲ, ಅವನು ಇದ್ದ ಜಾಗವೇ ಅಲ್ಲವಾ ಅಂತ ನಾನು... ಎಲ್ಲ ಒಟ್ಟಿಗೆ ಬೆನ್ನಿನ ಅಡಿಗೆ ಇಟ್ಟು, ಅಲ್ಲಿಂದಲೇ ಬೆಂಕಿ ಕೊಟ್ಟೆ."

ಹಸಿ ಕಟ್ಟಿಗೆ ಒಂದೇ ಸಲಕ್ಕೆ ಹಿಡಿದದ್ದು ಹೇಗೆಂದು ಯಾರಿಗೂ ಕೇಳಬೇಕಾಗಲಿಲ್ಲ. ಕೊರಗಪ್ಪ ಹೆಗಲ ಮೇಲಿನ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡ.

ದೂಜ ಎದ್ದವನೇ ಮೆಟ್ಟಿಲು ಇಳಿದು ಓಡಿದ. ಸ್ಮಶಾನಕ್ಕೆ ಎಂದು ಎಲ್ಲರಿಗೂ ಗೊತ್ತಿತ್ತು, ಯಾರೂ ತಡೆಯಲಿಲ್ಲ. ಅವನು ತಿರುಗಿ ಬರುವ ಹೊತ್ತಿಗೆ ಮಳೆ ಹಿಡಿದಿತ್ತು. ಬಂದವನ ತಲೆ ತೊಯ್ದಿತ್ತು, ಅಂಗೈ ಮಸಿಯಾಗಿತ್ತು. ಅವನು ಬಾಗಿಲಲ್ಲಿ ನಿಂತು ತಲೆ ಅಲ್ಲಾಡಿಸಿದ.

ವಾರಿಜಾಳಿಗೆ ಇವರ ಮೇಲೆ ಕೂಗಾಡಬೇಕು ಅನ್ನಿಸಿತು. ಆದರೆ ಏನೆಂದು ಕೂಗುವುದು? ಪ್ರೀತಿಯಿಂದ ಕೊಟ್ಟರು. ಅವಳೂ ಹಾಗೆಯೇ ಕೊಟ್ಟಿದ್ದಳು, ಮತ್ತು ಎಲ್ಲರಿಗಿಂತ ಮೊದಲು ಕೊಟ್ಟಿದ್ದಳು.

*

ರಾಚವ್ವನೇ ಬಾಯಿ ಬಿಟ್ಟಳು. "ಹಿಂಗ ಕಲ್ಲಿನಂಗ ಕುಂತ್ರ ಆತೇನ? ಇಷ್ಟ ವರ್ಷ ಓದೀರಿ, ಮಂದೀಗೆ ಓದಿಸೀರಿ. ನೆನಪಿಲೆ ಬರೀರಿ. ಒಂದು ದೂಮಣ್ಣನ್ನ ಬರದು ಕೂಸಿನ ಕೈಯಾಗ ಕೊಡ್ರಿ."

ಮುರಿಗೆಪ್ಪನ ಜೇಬಿನಲ್ಲಿ ಪೆನ್ಸಿಲಿತ್ತು, ಮನೆಯಲ್ಲಿ ಆಫೀಸಿನ ಹಾಳೆಗಳಿದ್ದವು. ಅವನು ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತ. ಒಂದು ಗೆರೆಯೂ ಎಳೆಯಲಿಲ್ಲ.

"ಮಾತೆಲ್ಲಾ ನೆನಪದಾವ," ಎಂದ ಕೊನೆಗೆ. "ಯಾವ ಸ್ಟೇಷನ್ನಿನ್ಯಾಗ ಏನಂದ, ಒಂದೂ ಬಿಡದ ಹೇಳ್ತೇನಿ. ಮಾರಿ ಕಣ್ಣ ಮುಂದ ಬರವಲ್ದು."

ದೂಜ ಪೆನ್ಸಿಲ್ ಕಿತ್ತುಕೊಂಡ. ಮೊದಲು ಒಂದು ಗುಂಡನೆಯ ತಲೆ, ಅದರ ಮೇಲೆ ಟೋಪಿ.

"ಟೋಪಿ ಎಲ್ಲಿತ್ತು ಮಾರಾಯ?" ಕೊರಗಪ್ಪ ಬಗ್ಗಿ ನೋಡಿದ. "ಅದು ಕೂದಲು."

"ಟೋಪಿ ಮಾವ! ಬಲಕ್ಕೆ ವಾಲಿದ್ದು. ನಿಮಗೆ ಬರುತ್ತಿದ್ದದ್ದು ಮಾಸಿದ ಪ್ರತಿ, ನಿಮಗೆಂತ ಕಾಣ್ತದೆ?"

"ಪಾರ್ಲೆಯಲ್ಲಿ ಎಲ್ಲರಿಗೂ ಅವನು ಗುಂಗುರು ಕೂದಲಿನವನೇ. ಬೇಕಾದರೆ ಹೋಗಿ ಕೇಳು."

"ಮೀಸೆ ಇತ್ತಲ್ಲ?"

"ಮೀಸಿ ಇರಲಿಲ್ಲೋ, ಅದು ಮೂಗಿನ ನೆರಳು," ಎಂದ ಮುರಿಗೆಪ್ಪ.

ಅವರ ದನಿ ಏರಿತು. ಒಂದು ಗಳಿಗೆ, ಹೊಸ ಪುಸ್ತಕ ಬಂದ ದಿನ ಇದೇ ಓಣಿಯಲ್ಲಿ ಕಿತ್ತಾಡುತ್ತಿದ್ದವರ ಹಾಗೆಯೇ ಕೇಳಿಸಿತು. ಆಮೇಲೆ ದೂಜ ಪೆನ್ಸಿಲ್ ಕೆಳಗಿಟ್ಟ. ಸರಿ ಯಾವುದು ಎಂದು ಹೇಳಬೇಕಾದವನು ಇರಲಿಲ್ಲ, ತೆಗೆದು ನೋಡಲು ಪುಸ್ತಕವೂ ಇರಲಿಲ್ಲ.

ವಾರಿಜಾ ಹಾಳೆಯನ್ನು ತನ್ನ ಕಡೆ ಎಳೆದುಕೊಂಡಳು. ಅವಳಿಗೆ ದೂಮಣ್ಣ ಸ್ಪಷ್ಟವಾಗಿ ಕಾಣುತ್ತಿದ್ದ. ಹಣೆಯಿಂದ ಹೊರಟ ಒಂದೇ ಗೆರೆ ಮೂಗಾಗಿ, ತುಟಿಯಾಗಿ, ಗಲ್ಲವಾಗಿ ಇಳಿಯುತ್ತಿತ್ತು, ಚೆನ್ನಯ ಎಂದೂ ನಡುವೆ ಕೈ ಎತ್ತುತ್ತಿರಲಿಲ್ಲ. ಅವಳು ಪೆನ್ಸಿಲ್ ಊರಿ ಎಳೆದಳು. ಬಂದದ್ದು ಬರಿಯ ಗೆರೆ, ಸೊಟ್ಟಗೆ ಹೋಗಿ ಹಾಳೆಯ ಅಂಚಿನಲ್ಲಿ ನಿಂತಿತು. ಇನ್ನೊಮ್ಮೆ ಎಳೆದಳು. ಕಣ್ಣಿಗೆ ಗೊತ್ತಿದ್ದದ್ದು ಕೈಗೆ ಗೊತ್ತಿರಲಿಲ್ಲ. ಕಣ್ಣು ಕೂಡ ಇದನ್ನು ಎಷ್ಟು ದಿನ ಇಟ್ಟುಕೊಂಡೀತು ಎಂದು ಯೋಚನೆ ಬಂದು ಅವಳು ಪೆನ್ಸಿಲನ್ನು ದೂಜನಿಗೇ ಕೊಟ್ಟಳು. ಬೆಳಗಿನ ಜಾವದಿಂದ ಬಾರದಿದ್ದ ಅಳು ಈಗ ಬಂತು, ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ದೂಜ ಬರೆಯುತ್ತಲೇ ಇದ್ದ. ಟೋಪಿಯನ್ನೂ ಹಾಕಿದ, ಅದರ ಕೆಳಗೆ ಗುಂಗುರು ಕೂದಲನ್ನೂ ಹಾಕಿದ, ಮೀಸೆ ಬರೆದು ಒರೆಸಿದ. ದೂಮಣ್ಣನಲ್ಲ ಅದು, ಯಾರೂ ಅಲ್ಲ. ಕಿವಿ ಮಾತ್ರ ದೂಜನ ಕಿವಿಯ ಹಾಗೆ ಅಗಲಕ್ಕೆ ನಿಂತಿತ್ತು.

ಸಂಜೆ ಮತ್ತೆ ಮಲಗಿಸಿದ್ದ ವಿನೋದಿನಿ ಒಳಗಿನಿಂದ ಕಣ್ಣುಜ್ಜಿಕೊಳ್ಳುತ್ತ ಬಂದಳು. ಇಷ್ಟು ಜನರನ್ನು ಕಂಡು ತಾಯಿಯ ಬೆನ್ನಿಗೆ ಅಂಟಿಕೊಂಡಳು. ಆಮೇಲೆ ಹಾಳೆ ಕಂಡಿತು. ಬಂದು, ದೂಜನ ಕೈಯಿಂದ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಅಮ್ಮಾ, ದೂಮಣ್ಣ?"

ಅವಳು ಹಾಳೆಯನ್ನು ತಾಯಿಯ ಮುಖದ ಹತ್ತಿರ ಹಿಡಿದಳು.

"ಅಪ್ಪ ಬರೆದದ್ದಾ?"

ದೂಜ ಮುಖವನ್ನು ಗೋಡೆಗೆ ತಿರುಗಿಸಿದ. ಮುರಿಗೆಪ್ಪ ಏನೋ ಹೇಳಹೊರಟವನು ರಾಚವ್ವನ ಕಣ್ಸನ್ನೆ ಕಂಡು ನಿಲ್ಲಿಸಿದ. ವಾರಿಜಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೌದು ಮಗಾ," ಎಂದಳು. "ಅಪ್ಪನೇ ಬರೆದದ್ದು."

ವಿನೋದಿನಿ ಹಾಳೆಯನ್ನು ತೊಳೆದ ನೆಲದ ಮೇಲೆ ಹರಡಿ, ಅದರ ಮುಂದೆ ಮಂಡಿಯೂರಿ ಕೂತಳು. ಶಾಯಿ ಬೇಗ ಒಣಗಲೆಂದು ಅಪ್ಪ ಮಾಡುತ್ತಿದ್ದ ಹಾಗೆಯೇ ಎರಡು ಕೆನ್ನೆಯನ್ನೂ ಉಬ್ಬಿಸಿ, ಆ ಪೆನ್ಸಿಲಿನ ಗೆರೆಗಳ ಮೇಲೆ ಮೆಲ್ಲನೆ ಊದತೊಡಗಿದಳು.